ಚಳಿಗಾಲದ ಫ್ರಾನ್ಸಿನಲ್ಲಿ ಒಂದು ದಿನದ ಒಂಟಿ ನಡಿಗೆ: ಸೆರ್ಮಿಝೆಲ್‌ನಿಂದ ವೆಝಲೇ ಬೆಟ್ಟಕ್ಕೆ

ಹೊಳೆದಂಡೆ:

ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಡಿಸೆಂಬರ್ ತಿಂಗಳಲ್ಲಿ ಒಬ್ಬರೇ ನಡೆಯಬಹುದೇ ಎಂದು ಹಲವರು ಕೇಳುತ್ತಾರೆ. ಅವರಿಗೆ ಸಿಗುವ ಉತ್ತರಗಳೆಲ್ಲ ಸ್ವೆಟರು, ಕೈಗವಸುಗಳ ಸುತ್ತಲೇ ಇರುತ್ತವೆ. ನನ್ನ ಅನುಭವದಲ್ಲಿ ಚಳಿ ಅಷ್ಟು ದೊಡ್ಡ ಸಂಗತಿಯಲ್ಲ. ಆಲ್ಪ್ಸ್ ಅಥವಾ ಪಿರೆನೀಸ್ ಪರ್ವತಗಳ ಮಾತು ಬೇರೆ. ಬರ್ಗಂಡಿಯಂಥ ತಗ್ಗು ಸೀಮೆಯಲ್ಲಿ ಏರಿಳಿತದ ದಾರಿ ಹಿಡಿದವರಿಗೆ ಅರ್ಧ ಗಂಟೆಯೊಳಗೆ ಮೈ ಬೆಚ್ಚಗಾಗಿ, ಹಾಕಿಕೊಂಡಿದ್ದ ಬಟ್ಟೆಯಲ್ಲಿ ಒಂದನ್ನು ತೆಗೆದು ಚೀಲಕ್ಕೆ ಹಾಕಬೇಕಾಗುತ್ತದೆ. ಆ ದಿನವನ್ನು ನಿಜವಾಗಿ ಆಳುವುದು ಹಗಲಿನ ಉದ್ದ, ರೈಲಿನ ವೇಳಾಪಟ್ಟಿ ಮತ್ತು ಬಾಗಿಲು ಹಾಕಿಕೊಂಡಿರುವ ಹಳ್ಳಿಗಳು. ಕಳೆದ ಡಿಸೆಂಬರ್ ಮೂರನೆಯ ವಾರದಲ್ಲಿ ನಾನು ನಡೆದ ದಾರಿಯನ್ನು ಈ ಮೂರರ ಲೆಕ್ಕದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ.

ದಾರಿ ಇರುವುದು ಬರ್ಗಂಡಿಯ ಯೋನ್ ಜಿಲ್ಲೆಯಲ್ಲಿ. ಪ್ಯಾರಿಸ್ಸಿನ ಬೆರ್ಸಿ ನಿಲ್ದಾಣದಿಂದ ಓಸೇರ್ ಕಡೆಗೆ ಹೊರಡುವ ಪ್ರಾದೇಶಿಕ ರೈಲುಗಳಲ್ಲಿ ಕೆಲವು ಕ್ಯೂರ್ ನದಿಯ ಕಣಿವೆಯನ್ನು ಹಿಡಿದು ಅವಾಲೋನ್ ಪಟ್ಟಣದವರೆಗೆ ಹೋಗುತ್ತವೆ. ಆ ಕವಲಿನಲ್ಲಿ ಸೆರ್ಮಿಝೆಲ್–ವೆಝಲೇ ಎಂಬ ಸಣ್ಣ ನಿಲ್ದಾಣವಿದೆ. ಹೆಸರಿನಲ್ಲಿ ವೆಝಲೇ ಇದ್ದರೂ ಆ ಊರಿರುವ ಬೆಟ್ಟ ಅಲ್ಲಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿದೆ. ಹಿಂದಿನ ರಾತ್ರಿ ಓಸೇರ್‌ನಲ್ಲಿ ತಂಗಿ, ಬೆಳಗಿನ ರೈಲಿನಲ್ಲಿ ಬಂದು, ಬ್ಲಾನೇ ಮತ್ತು ಅಸ್ಕ್ಯಾಂ ಹಳ್ಳಿಗಳ ಮೇಲೆ ವೆಝಲೇ ಸೇರಿ, ಕಣಿವೆಯಲ್ಲಿಯೇ ಹಿಂದಿರುಗಿದೆ. ಒಟ್ಟು 20 ಕಿಲೋಮೀಟರಿಗೆ ಸ್ವಲ್ಪ ಹೆಚ್ಚಾದೀತು.

ಹಗಲಿನ ಲೆಕ್ಕವನ್ನು ಮೊದಲು ಹೇಳಬೇಕು. ಡಿಸೆಂಬರ್ 21ರ ಆಸುಪಾಸಿನಲ್ಲಿ ಅಲ್ಲಿ ಸೂರ್ಯ ಹುಟ್ಟುವಾಗ ಎಂಟೂವರೆ, ಮುಳುಗುವಾಗ ಐದಕ್ಕೆ ಐದು ನಿಮಿಷ. ಹಗಲು ಎಂಟೂಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ ಹನ್ನೊಂದು ಗಂಟೆಯನ್ನು ದಾಟುವುದರಿಂದ, ಅಲ್ಲಿಂದ ಬಂದವರಿಗೆ ಈ ಮೂರು ಗಂಟೆಯ ಕೊರತೆ ಬುದ್ಧಿಗೆ ತಿಳಿದಿದ್ದರೂ ಕಾಲಿಗೆ ತಿಳಿದಿರುವುದಿಲ್ಲ. ಒಣ ದಾರಿಯಲ್ಲಿ ಗಂಟೆಗೆ ನಾಲ್ಕು ಕಿಲೋಮೀಟರ್ ನಡೆಯುವವರು ಈ ತಿಂಗಳಿನ ಕೆಸರಿನಲ್ಲಿ ಮೂರು ಎಂದೇ ಎಣಿಸಿಕೊಳ್ಳಬೇಕು. ಎರೆಭೂಮಿಯಲ್ಲಿ ಮಳೆಯ ಮರುದಿನ ಹೊಲ ದಾಟಿದವರಿಗೆ ಈ ಕೆಸರಿನ ಪರಿಚಯ ಬೇಕಾಗಿಲ್ಲ: ಹೆಜ್ಜೆಹೆಜ್ಜೆಗೂ ಬೂಟಿನ ಅಡಿಗೆ ಒಂದು ಪದರ ಕೂಡಿಕೊಳ್ಳುತ್ತದೆ, ಹತ್ತಾರು ಹೆಜ್ಜೆಗೊಮ್ಮೆ ಕಲ್ಲಿಗೆ ಒರೆಸಿ ಮುಂದೆ ಹೋಗಬೇಕು. ಇಲ್ಲಿಯ ಮಣ್ಣು ಕಂದು ಬಣ್ಣದ್ದು, ನಡುನಡುವೆ ಸುಣ್ಣಕಲ್ಲಿನ ಬಿಳಿ ಚೂರುಗಳಿರುತ್ತವೆ ಎಂಬುದಷ್ಟೇ ವ್ಯತ್ಯಾಸ.

ಬೆಳಿಗ್ಗೆ ಕಣಿವೆಯ ತುಂಬ ಮಂಜು ತುಂಬಿತ್ತು. ಬ್ಲಾನೇ ಹತ್ತಿರ ಕುಝ್ಯಾಂ ಎಂಬ ಹೊಳೆ ಕ್ಯೂರ್ ನದಿಯನ್ನು ಸೇರುತ್ತದೆ. ಅಲ್ಲಿ ದಡದ ಪಾಪ್ಲರ್ ಮರಗಳಲ್ಲಿ ಒಂದು ಎಲೆಯೂ ಇಲ್ಲದಿದ್ದರೂ ಮರಗಳ ತುಂಬ ಹಸಿರು ಉಂಡೆಗಳು ತೂಗುತ್ತಿದ್ದವು. ಹಕ್ಕಿಗಳ ಗೂಡುಗಳೆಂದು ತಿಳಿಯುವವರೇ ಹೆಚ್ಚು. ಅದು ಬಂದಳಿಕೆ, ನಮ್ಮ ಮಾವಿನ ಮರಗಳನ್ನು ಹಿಡಿಯುವ ಬಂದಳಿಕೆಯ ದೂರದ ಸಂಬಂಧಿ. ಬಿದ್ದಿದ್ದ ಒಂದು ಕೊಂಬೆಯನ್ನು ಎತ್ತಿ ನೋಡಿದೆ. ಎಲೆಗಳು ಜೋಡಿಜೋಡಿಯಾಗಿ, ದಪ್ಪವಾಗಿ, ಹಳದಿ ಬೆರೆತ ಹಸಿರಿನಲ್ಲಿದ್ದವು. ಕವಲುಗಳ ಸಂದಿಯಲ್ಲಿ ಮುತ್ತಿನ ಬಣ್ಣದ ಕಾಯಿಗಳಿದ್ದವು. ಒಂದನ್ನು ಹಿಚುಕಿದರೆ ಅಂಟು ಬೆರಳಿನಿಂದ ಬಿಡಲೊಲ್ಲದು. ಬೇಸಿಗೆಯಲ್ಲಿ ಮರದ ಸ್ವಂತ ಎಲೆಗಳ ನಡುವೆ ಇದು ಕಣ್ಣಿಗೇ ಬೀಳುವುದಿಲ್ಲ. ಚಳಿಗಾಲದ ನಡಿಗೆಯಲ್ಲಿ ನನಗೆ ಹಿಡಿಸುವುದು ಇದೇ: ಮರಗಳು ಬೋಳಾದಾಗ ನೆಲದ ಆಕಾರ, ಬೇಲಿಯ ಸಾಲು, ನದಿ ತಿರುಗುವ ಜಾಗ, ಇನ್ನೂ ಎರಡು ಗಂಟೆಯ ದೂರದಲ್ಲಿರುವ ಬೆಟ್ಟ, ಎಲ್ಲವೂ ಒಟ್ಟಿಗೆ ಕಾಣುತ್ತವೆ.

ಹಳ್ಳಿಗಳಲ್ಲಿ ಮನುಷ್ಯರಿಗಿಂತ ಹೆಚ್ಚಾಗಿ ಹೊಗೆಯೇ ಕಾಣಿಸಿತು. ಕಿಟಕಿಗಳ ಮರದ ಪಡಿಗಳು ಮುಚ್ಚಿದ್ದವು. ಬೇಸಿಗೆಗಷ್ಟೇ ಬಂದು ಹೋಗುವವರ ಮನೆಗಳು ಇಲ್ಲಿ ಬಹಳ. ಪ್ರತಿ ಹಳ್ಳಿಯಲ್ಲಿಯೂ 1914–1918ರ ಯುದ್ಧದಲ್ಲಿ ಮಡಿದವರ ಸ್ಮಾರಕವಿರುತ್ತದೆ. ಹೆಸರುಗಳನ್ನು ಓದುತ್ತಾ ಹೋದರೆ ಒಂದೇ ಮನೆತನದ ಹೆಸರು ಮತ್ತೆ ಮತ್ತೆ ಬರುವುದು ಗಮನಕ್ಕೆ ಬರುತ್ತದೆ.

ವೆಝಲೇಗೆ ಹನ್ನೆರಡೂವರೆಯ ಒಳಗೆ ತಲುಪಲೇಬೇಕು ಎಂದು ನಿಶ್ಚಯಿಸಿಕೊಂಡಿದ್ದಕ್ಕೆ ಕಾರಣವಿತ್ತು. ಬೆಟ್ಟದ ತುದಿಯಲ್ಲಿರುವ ಮರಿಯಾ ಮ್ಯಾಗ್ಡಲೀನಳ ಬೆಸಿಲಿಕಾ (ದೊಡ್ಡ ಚರ್ಚು) 12ನೆಯ ಶತಮಾನದ ಕಟ್ಟಡ. ಅದರ ದಕ್ಷಿಣದ ಮೇಲ್ಕಿಟಕಿಗಳಿಂದ ಬರುವ ಬಿಸಿಲು ಜೂನ್ ತಿಂಗಳ ಅತಿ ಉದ್ದದ ಹಗಲಿನ ನಡುಹೊತ್ತಿನಲ್ಲಿ ನೆಲದ ಮಧ್ಯದಲ್ಲಿ ಸಾಲಾಗಿ ಬೆಳಕಿನ ಮಚ್ಚೆಗಳನ್ನು ಮೂಡಿಸುತ್ತದೆ, ಆ ಚಿತ್ರವನ್ನು ಬಹಳ ಜನ ನೋಡಿರುತ್ತಾರೆ. ಡಿಸೆಂಬರಿನಲ್ಲಿ ಸೂರ್ಯ ದಿಗಂತದಿಂದ 19 ಡಿಗ್ರಿಯಷ್ಟು ಮಾತ್ರ ಮೇಲೇರುವುದರಿಂದ ಅದೇ ಬೆಳಕು ನೆಲವನ್ನು ಮುಟ್ಟದೆ ನೇರವಾಗಿ ಉತ್ತರದ ಕಡೆಯ ಕಂಬಗಳ ಮೇಲ್ಸಾಲಿನ ಬೋದಿಗೆಗಳ, ಅಂದರೆ ಕಂಬದ ತಲೆಯ ಕೆತ್ತನೆಗಳ, ಮೇಲೆ ಬೀಳುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಫ್ರಾನ್ಸಿನ ಗಡಿಯಾರ ಮಧ್ಯ ಯುರೋಪಿನ ಕಾಲಮಾನವನ್ನು ಅನುಸರಿಸುವುದರಿಂದ ವೆಝಲೇಯಲ್ಲಿ ನಿಜವಾದ ನಡುಹಗಲು ಹನ್ನೆರಡಕ್ಕೆ ಆಗುವುದಿಲ್ಲ, ಸುಮಾರು ಹನ್ನೆರಡೂ ಮುಕ್ಕಾಲಿಗೆ ಆಗುತ್ತದೆ. ಕಣಿವೆಯಲ್ಲಿ ಮಂಜು ಹಾಗೆಯೇ ಇದ್ದರೂ ಬೆಟ್ಟದ ಮೇಲೆ ಅಂದು ಬಿಸಿಲಿತ್ತು. ಬೂದು ಕಲ್ಲಿನಂತೆ ಇದ್ದ ಬೋದಿಗೆಗಳಲ್ಲಿ ಒಂದೊಂದಾಗಿ ಮುಖಗಳು, ಬಟ್ಟೆಯ ಮಡಿಕೆಗಳು, ಎಲೆಗಳು ಎದ್ದು ಬಂದವು; ಒಳಗೆ ನನ್ನನ್ನು ಬಿಟ್ಟು ಮೂರು ಜನರಿದ್ದರು.

ಹೊರಗೆ ಬಂದರೆ ಮುಖ್ಯ ಬೀದಿಯಲ್ಲಿ ಬಹುತೇಕ ಅಂಗಡಿಗಳು ಮುಚ್ಚಿದ್ದವು. ಗಾಂಧೀಜಿ, ರಾಮಕೃಷ್ಣ ಪರಮಹಂಸ, ವಿವೇಕಾನಂದರನ್ನು ಯುರೋಪಿನ ಓದುಗರಿಗೆ ಪರಿಚಯಿಸಿದ ರೊಮೇ ರೋಲಾಂ ಅವರು ತಮ್ಮ ಕೊನೆಯ ವರ್ಷಗಳನ್ನು ಈ ಬೀದಿಯಲ್ಲಿಯೇ ಕಳೆದು 1944ರ ಡಿಸೆಂಬರಿನಲ್ಲಿ ಇಲ್ಲಿಯೇ ತೀರಿಕೊಂಡರು. ಆ ಮನೆ ಈಗ ಕಲಾ ಸಂಗ್ರಹಾಲಯವಾಗಿದೆ, ಆದರೆ ಚಳಿಗಾಲದಲ್ಲಿ ಅದೂ ಮುಚ್ಚಿರುತ್ತದೆ. ಒಂದೂವರೆಗೆ ಇಳಿಯಲು ಶುರು ಮಾಡಿದೆ. ನಿಲ್ದಾಣಕ್ಕೆ ಸೇರುವ ಹೊತ್ತಿಗೆ ಇನ್ನೂ ಬೆಳಕಿತ್ತು.

ಎರೆಹೊಲ:

ಬಹಳ ಉಪಯುಕ್ತವಾದ ಬರಹ. ಎರಡು ಪ್ರಶ್ನೆಗಳಿವೆ. ಚಳಿಗಾಲದಲ್ಲಿ ಫ್ರಾನ್ಸಿನ ಕಾಡುಗಳಲ್ಲಿ ಬೇಟೆ ನಡೆಯುತ್ತದೆ ಎಂದು ಕೇಳಿದ್ದೇನೆ. ಒಬ್ಬರೇ ನಡೆಯುವವರಿಗೆ ಅದು ಎಷ್ಟು ಅಪಾಯಕಾರಿ? ಇನ್ನೊಂದು, ಅಂಗಡಿಗಳೆಲ್ಲ ಮುಚ್ಚಿದ್ದರೆ ಸಸ್ಯಾಹಾರಿಗಳು ಮಧ್ಯಾಹ್ನಕ್ಕೆ ಏನು ತಿನ್ನಬೇಕು?

ಲಿಯೋನ್ ಕನ್ನಡಿಗ:

ಬೇಟೆಯ ವಿಚಾರವನ್ನು ನಾನು ಹೇಳುತ್ತೇನೆ, ಏಕೆಂದರೆ ಇಲ್ಲಿ ನೆಲೆಸಿರುವ ನಮ್ಮವರು ಇದನ್ನು ಹಗುರವಾಗಿ ತೆಗೆದುಕೊಳ್ಳುವುದನ್ನು ನೋಡಿದ್ದೇನೆ. ಬೇಟೆಯ ಋತು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಆರಂಭವಾಗಿ ಫೆಬ್ರವರಿ ಕೊನೆಯವರೆಗೆ ನಡೆಯುತ್ತದೆ. ಅಂದರೆ ನೀವು ಚಳಿಗಾಲದಲ್ಲಿ ನಡೆಯುವ ಪ್ರತಿ ದಿನವೂ ಅದರೊಳಗೆ ಬರುತ್ತದೆ. ಕಾಡುಹಂದಿ ಮತ್ತು ಜಿಂಕೆಗಳ ಬೇಟೆಯಲ್ಲಿ ಒಂದು ಗುಂಪು ನಾಯಿಗಳೊಂದಿಗೆ ಪ್ರಾಣಿಗಳನ್ನು ಎಬ್ಬಿಸುತ್ತದೆ, ಇನ್ನೊಂದು ಗುಂಪು ಕಾಡಿನ ಅಂಚಿನಲ್ಲಿ ಬಂದೂಕು ಹಿಡಿದು ಸಾಲಾಗಿ ನಿಂತಿರುತ್ತದೆ. ನಡೆಯುವವರ ಕಾಲುದಾರಿ ಹಾದುಹೋಗುವುದು ಅನೇಕ ಸಲ ಆ ಅಂಚಿನಲ್ಲಿಯೇ. 2020ರಿಂದ ಇಂಥ ಗುಂಪು ಬೇಟೆಯಲ್ಲಿ ಎದ್ದು ಕಾಣುವ ಬಣ್ಣದ ಮೇಲಂಗಿ ತೊಡುವುದು ಮತ್ತು ಸಾರ್ವಜನಿಕ ರಸ್ತೆಯ ಬದಿಯಲ್ಲಿ ತಾತ್ಕಾಲಿಕ ಫಲಕ ನಿಲ್ಲಿಸುವುದು ಕಡ್ಡಾಯವಾಗಿದೆ. ಬೇಟೆ ನಡೆಯುತ್ತಿದೆ ಎಂಬ ಫಲಕ ಕಂಡರೆ ಕಾಡಿನ ದಾರಿಯನ್ನು ಬಿಟ್ಟು ಹೊಲದ ನಡುವಿನ ರಸ್ತೆಯನ್ನು ಹಿಡಿಯುವುದೇ ಸರಿ. ಫಲಕ ಹಾಕಿದವರ ಕಾಡಿಗೆ ಅಂದು ನೀವು ಹೋಗಲೇಬೇಕೆಂದಿಲ್ಲ.

ಕಾನೂನಿನ ಪ್ರಕಾರ ಬೇಟೆಯ ಹಗಲು ಸೂರ್ಯೋದಯಕ್ಕೆ ಒಂದು ಗಂಟೆ ಮೊದಲು ಶುರುವಾಗಿ ಸೂರ್ಯಾಸ್ತವಾದ ಒಂದು ಗಂಟೆಯವರೆಗೆ ಇರುತ್ತದೆ ಎಂಬುದನ್ನೂ ನೆನಪಿಡಿ. ಮಬ್ಬುಗತ್ತಲೆಯಲ್ಲಿ ಕಾಡಿನಿಂದ ಹೊರಬರುವ ಆಕೃತಿ ಮನುಷ್ಯನದೋ ಹಂದಿಯದೋ ಎಂದು ಗುರುತಿಸುವ ಹೊರೆಯನ್ನು ಇನ್ನೊಬ್ಬರ ಮೇಲೆ ಹಾಕಬೇಡಿ. ಫ್ರಾನ್ಸಿನಲ್ಲಿ ಪ್ರತಿ ಕಾರಿನಲ್ಲಿಯೂ ಎದ್ದು ಕಾಣುವ ಹಳದಿ ಅಂಗಿ ಇರಲೇಬೇಕೆಂಬ ನಿಯಮ 2008ರಿಂದ ಇದೆ. 2018ರ ‘ಹಳದಿ ಅಂಗಿ’ ಪ್ರತಿಭಟನೆಗಳ ಚಳವಳಿಗೆ ಹೆಸರು ಕೊಟ್ಟದ್ದೂ ಅದೇ ಅಂಗಿ. ಕೆಲವೇ ಯೂರೋಗಳಿಗೆ ಎಲ್ಲ ಕಡೆ ಸಿಗುತ್ತದೆ. ಚೀಲದ ಮೇಲೆ ತೊಡಿಸಿದರೆ ಹಿಂದಿನಿಂದಲೂ ಕಾಣುತ್ತದೆ. ಶನಿವಾರ ಮತ್ತು ಭಾನುವಾರಗಳಲ್ಲಿ ಬೇಟೆ ಹೆಚ್ಚು, ಸಾಧ್ಯವಾದರೆ ವಾರದ ನಡುವಿನ ದಿನವನ್ನು ಆರಿಸಿಕೊಳ್ಳಿ. ಊರಿನ ಪುರಸಭೆಯ ಕಚೇರಿಗೆ ಹಿಂದಿನ ದಿನ ಫೋನ್ ಮಾಡಿ ಕೇಳಿದರೆ ಸಾಮಾನ್ಯವಾಗಿ ತಿಳಿಸುತ್ತಾರೆ, ಆದರೆ ಸಣ್ಣ ಹಳ್ಳಿಗಳಲ್ಲಿ ಆ ಕಚೇರಿ ವಾರಕ್ಕೆ ಕೆಲವು ಗಂಟೆ ಮಾತ್ರ ತೆರೆದಿರುತ್ತದೆ.

ಹೊಳೆದಂಡೆ:

ನಾನು ಹೋದದ್ದು ಮಂಗಳವಾರ. ದೂರದಲ್ಲಿ ಎರಡು ಸಲ ಗುಂಡಿನ ಸದ್ದು ಕೇಳಿತು, ಅದೂ ನದಿಯ ಆಚೆ ದಡದಿಂದ.

ಊಟದ ವಿಚಾರ ಸುಲಭ, ಹೊರಡುವ ಊರಿನಿಂದಲೇ ಕಟ್ಟಿಕೊಂಡು ಹೋಗಬೇಕು. ಓಸೇರ್‌ನ ಬೇಕರಿಯಲ್ಲಿ ಬೆಳಿಗ್ಗೆ ಬ್ರೆಡ್ ಕೊಂಡಿದ್ದೆ. ಮನೆಯಿಂದ ತಂದ ಶೇಂಗಾ ಚಟ್ನಿಪುಡಿಯನ್ನು ಬೆಣ್ಣೆಯಲ್ಲಿ ಕಲಸಿ ಹಚ್ಚಿಕೊಂಡಿದ್ದೆ. ಫ್ಲಾಸ್ಕಿನಲ್ಲಿ ಶುಂಠಿ ಕಷಾಯವಿತ್ತು. ಹಳ್ಳಿಯ ಬೇಕರಿಯನ್ನು ನಂಬಿ ಹೊರಡುವವರು ಅವು ಮಧ್ಯಾಹ್ನ ಮುಚ್ಚುತ್ತವೆ, ಅನೇಕ ಕಡೆ ಸೋಮವಾರ ತೆರೆಯುವುದೇ ಇಲ್ಲ ಎಂಬುದನ್ನು ತಿಳಿದಿರಬೇಕು. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಚೀಸ್ ವಿಷಯದಲ್ಲಿಯೂ ಎಚ್ಚರ ವಹಿಸಬೇಕಾಗುತ್ತದೆ. ಕೋಂತೇಯಂಥ ಫ್ರಾನ್ಸಿನ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲನ್ನು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವದಿಂದ.

ನೀರಿನ ಬಗ್ಗೆಯೂ ಒಂದು ಮಾತು. ಹಳ್ಳಿಯ ಸ್ಮಶಾನಗಳಲ್ಲಿ ಹೂಕುಂಡಗಳಿಗೆ ನೀರು ಹಾಕಲೆಂದು ನಲ್ಲಿ ಇರುತ್ತದೆ, ಬೇಸಿಗೆಯಲ್ಲಿ ನಡೆಯುವವರಿಗೆ ಅದೇ ಆಧಾರ. ಚಳಿಗಾಲದಲ್ಲಿ ಕೊಳವೆ ಹೆಪ್ಪುಗಟ್ಟಿ ಒಡೆಯಬಾರದೆಂದು ಅದನ್ನು ಬಂದ್ ಮಾಡಿರುತ್ತಾರೆ. ನೀರನ್ನೂ ಹೊತ್ತುಕೊಂಡೇ ಹೋಗಬೇಕು.

ಗುಬ್ಬಿಗೂಡು:

ಬರಹ ಚೆನ್ನಾಗಿದೆ, ಆದರೂ ಒಂದು ಆಕ್ಷೇಪವನ್ನು ದಾಖಲಿಸಬೇಕೆನಿಸುತ್ತದೆ. ಹೊಸದಾಗಿ ಓದಲು ಬಂದ ವಿದ್ಯಾರ್ಥಿಗಳು ಇಂಥ ಬರಹಗಳನ್ನು ಓದಿ, ಭಾಷೆ ಬಾರದ ಸೀಮೆಯಲ್ಲಿ, ಜನರೇ ಇಲ್ಲದ ಕಾಲದಲ್ಲಿ, ಒಬ್ಬಂಟಿಯಾಗಿ ಹೊರಟುಬಿಡುತ್ತಾರೆ. ಬೇಸಿಗೆಯಲ್ಲಿ ಕಾಲು ಉಳುಕಿದರೆ ಅರ್ಧ ಗಂಟೆಯಲ್ಲಿ ಯಾರಾದರೂ ಆ ದಾರಿಯಲ್ಲಿ ಬರುತ್ತಾರೆ. ಡಿಸೆಂಬರಿನಲ್ಲಿ ಮೂರು ಗಂಟೆಗೆ ಉಳುಕಿದರೆ ಐದಕ್ಕೆ ಕತ್ತಲೆ, ಆಮೇಲೆ ತಾಪಮಾನ ಸೊನ್ನೆಗಿಂತ ಕೆಳಗೆ. ನೀವು ಚಳಿ ದೊಡ್ಡ ಸಂಗತಿಯಲ್ಲ ಎಂದದ್ದು ನಡೆಯುತ್ತಿರುವವರ ವಿಷಯದಲ್ಲಿ ಮಾತ್ರ ನಿಜ. ಒದ್ದೆ ನೆಲದ ಮೇಲೆ ಕೂತಿರುವವರಿಗೆ ಅದೇ ಎಲ್ಲಕ್ಕಿಂತ ದೊಡ್ಡ ಸಂಗತಿಯಾಗುತ್ತದೆ. ಇಬ್ಬರು ಹೋದರೆ ಆಗುವ ನಷ್ಟವಾದರೂ ಏನು?

ಹೊಳೆದಂಡೆ:

ಗುಬ್ಬಿಗೂಡು ಅವರೇ, ಕೂತಿರುವವರಿಗೆ ಚಳಿ ಬೇರೆ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ, ಅದನ್ನು ಮೊದಲ ಬರಹದ ಜೊತೆಗೆ ಸೇರಿಸಿಯೇ ಎಲ್ಲರೂ ಓದಬೇಕು. ಆದರೆ ಇದು ಜನವಿಲ್ಲದ ಸೀಮೆಯಲ್ಲ. ಹಳ್ಳಿಯಿಂದ ಹಳ್ಳಿಗೆ ಮೂರು ನಾಲ್ಕು ಕಿಲೋಮೀಟರ್, ಡಾಂಬರು ರಸ್ತೆ ಕಣಿವೆಯ ಉದ್ದಕ್ಕೂ ಜೊತೆಯಲ್ಲಿಯೇ ಇರುತ್ತದೆ. ಒಂಟಿಯಾಗಿ ಹೋಗುವವರಿಗೆ ನಾನು ಈ ದಾರಿಯನ್ನು ಸೂಚಿಸುವುದೇ ಆ ಕಾರಣಕ್ಕೆ. ಮೊರ್ವಾಂ ಕಾಡಿನ ಒಳಗಿನ ದಾರಿಯಾಗಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ನಾನು ಪಾಲಿಸುವ ಕ್ರಮ ಇಷ್ಟು: ಯಾವ ರೈಲಿನಲ್ಲಿ ಹಿಂದಿರುಗುತ್ತೇನೆ, ಎಷ್ಟು ಹೊತ್ತಿನೊಳಗೆ ಸುದ್ದಿ ಬಾರದಿದ್ದರೆ ಕರೆ ಮಾಡಬೇಕು ಎಂಬುದನ್ನು ಒಬ್ಬರಿಗೆ ಬರೆದು ತಿಳಿಸಿರುತ್ತೇನೆ, ಹಣೆಗೆ ಕಟ್ಟುವ ದೀಪ, ಬೆಳ್ಳಿಹಾಳೆಯಂಥ ತುರ್ತು ಹೊದಿಕೆ, ಕೂರಲು ಒಂದು ದಪ್ಪ ಚಾಪೆಯ ತುಂಡು ಚೀಲದಲ್ಲಿರುತ್ತವೆ, ಚಳಿಗೆ ಮೊಬೈಲಿನ ಬ್ಯಾಟರಿ ಬೇಗ ಇಳಿಯುವುದರಿಂದ ಅದು ಒಳಜೇಬಿನಲ್ಲಿರುತ್ತದೆ. ತುರ್ತು ಸಂಖ್ಯೆ 112, ಮಾತನಾಡಲಾಗದ ಸ್ಥಿತಿಯಲ್ಲಿ 114ಕ್ಕೆ ಸಂದೇಶ ಕಳುಹಿಸಬಹುದು. ಹೊರಡುವ ಮುನ್ನ ಅಲ್ಲಿಯ ಹವಾಮಾನ ಸಂಸ್ಥೆ ಮೆತೆಯೋ ಫ್ರಾನ್ಸ್ ಪ್ರಕಟಿಸುವ ಎಚ್ಚರಿಕೆಯ ನಕ್ಷೆಯನ್ನು ನೋಡುತ್ತೇನೆ. ಜಿಲ್ಲೆಯ ಬಣ್ಣ ಕಿತ್ತಳೆಯಾಗಿದ್ದರೆ ಅಂದು ಮನೆಯಲ್ಲಿಯೇ ಇರುತ್ತೇನೆ.

ಇಬ್ಬರು ಹೋದರೆ ನಷ್ಟವೇನು ಎಂದು ಕೇಳಿದ್ದೀರಿ. ಇಬ್ಬರು ನಡೆದರೆ ಮಾತು ನಡೆಯುತ್ತದೆ. ಅದು ಒಳ್ಳೆಯದೇ, ಆದರೆ ಬಂದಳಿಕೆಯ ಮುಂದೆ ಹತ್ತು ನಿಮಿಷ ನಿಲ್ಲಲು ಜೊತೆಗಾರರ ಅಪ್ಪಣೆ ಕೇಳಬೇಕಾಗುತ್ತದೆ.

ಗುಬ್ಬಿಗೂಡು:

ಕೊನೆಯ ವಾಕ್ಯವನ್ನು ಬಿಟ್ಟು ಉಳಿದದ್ದನ್ನು ಒಪ್ಪುತ್ತೇನೆ. ಜೊತೆಗಾರರನ್ನು ಸರಿಯಾಗಿ ಆರಿಸಿಕೊಳ್ಳಬೇಕು ಅಷ್ಟೇ.

ತುಂಗಾತೀರ:

ನಮ್ಮ ಕಡೆ ಕುದುರೆಮುಖವೋ ಕುಮಾರಪರ್ವತವೋ ಆದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅಲ್ಲಿ ಹೊಲದ ನಡುವೆ ನಡೆಯಲು ಯಾರ ಅಪ್ಪಣೆಯೂ ಬೇಡವೇ? ದಾರಿ ತಪ್ಪಿ ಇನ್ನೊಬ್ಬರ ಜಮೀನಿಗೆ ಕಾಲಿಟ್ಟರೆ ಏನಾಗುತ್ತದೆ?

ಲಿಯೋನ್ ಕನ್ನಡಿಗ:

ಗುರುತು ಹಾಕಿದ ದಾರಿಯಲ್ಲಿ ನಡೆಯಲು ಅನುಮತಿ ಬೇಕಾಗಿಲ್ಲ. ಹೊಲಗಳ ನಡುವಿನ ಅನೇಕ ಹಳೆಯ ಬಂಡಿದಾರಿಗಳು ಆಯಾ ಗ್ರಾಮದ ಆಡಳಿತಕ್ಕೆ ಸೇರಿದವು, ಸಾರ್ವಜನಿಕರ ಓಡಾಟಕ್ಕೆ ತೆರೆದವು. ಬೇರೆ ಕೆಲವು ದಾರಿಗಳು ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆಯ ಮೇರೆಗೆ ಹಾದುಹೋಗುತ್ತವೆ. ಈ ಎರಡನೆಯ ಬಗೆಯ ದಾರಿಗಳು ಇದ್ದಕ್ಕಿದ್ದಂತೆ ಮುಚ್ಚಬಹುದು. 2023ರ ಫೆಬ್ರವರಿಯಲ್ಲಿ ಬಂದ ಕಾನೂನು ಇಲ್ಲಿ ಮುಖ್ಯವಾಗುತ್ತದೆ. ಕಾಡುಪ್ರಾಣಿಗಳು ಓಡಾಡಲಾಗದಂತೆ ಸೊಲೋಞ್ ಪ್ರದೇಶದಲ್ಲಿ ಎಸ್ಟೇಟುಗಳ ಸುತ್ತ ಎತ್ತರದ ಬೇಲಿ ಹಾಕುವುದನ್ನು ತಡೆಯಲೆಂದು ಅದನ್ನು ತಂದರು, ಬೇಲಿ 1.2 ಮೀಟರಿಗಿಂತ ಎತ್ತರ ಇರಬಾರದು, ನೆಲದಿಂದ 30 ಸೆಂಟಿಮೀಟರ್ ಜಾಗ ಬಿಡಬೇಕು ಎಂದು ವಿಧಿಸಿದರು. ಬೇಲಿ ತಗ್ಗಿಸುವ ಮಾಲೀಕರಿಗೆ ಪ್ರತಿಯಾಗಿ ಏನಾದರೂ ಕೊಡಬೇಕಲ್ಲ, ಪ್ರವೇಶವಿಲ್ಲ ಎಂದು ಸ್ಪಷ್ಟವಾಗಿ ಗುರುತು ಮಾಡಿದ ಗ್ರಾಮೀಣ ಜಮೀನು ಅಥವಾ ಕಾಡಿಗೆ ಕಾಲಿಡುವುದನ್ನು ದಂಡಾರ್ಹ ಅಪರಾಧವನ್ನಾಗಿ ಮಾಡಿದರು. ಫಲಕವಿಲ್ಲದ ಹೊಲದ ಅಂಚಿನಲ್ಲಿ ತಪ್ಪಿ ನಡೆದವರನ್ನು ರೈತರು ಸಾಮಾನ್ಯವಾಗಿ ದಾರಿ ತೋರಿಸಿ ಕಳುಹಿಸುತ್ತಾರೆ. ಪ್ರಾಣಿಗಳನ್ನು ಉಳಿಸಲು ಹೊರಟ ಕಾನೂನಿನ ಬಿಸಿ ನಡೆಯುವವರಿಗೆ ತಟ್ಟಿದ್ದರ ಬಗ್ಗೆ ಇಲ್ಲಿಯ ಚಾರಣಿಗರಿಗೆ ಈಗಲೂ ಬೇಸರವಿದೆ, ನನಗೂ ಇದೆ.

ಗುರುತುಗಳನ್ನು ಓದುವುದು ಒಂದು ಗಂಟೆಯಲ್ಲಿ ರೂಢಿಯಾಗುತ್ತದೆ. ಬಿಳಿ ಮತ್ತು ಕೆಂಪು ಪಟ್ಟಿಗಳು ಒಂದರ ಕೆಳಗೊಂದಿದ್ದರೆ ಅದು ದೂರದ ದಾರಿ. ಹಳದಿಯೊಂದೇ ಇದ್ದರೆ ಊರಿನ ಸುತ್ತಿನ ದಾರಿ. ಹಳದಿ ಮತ್ತು ಕೆಂಪು ಇದ್ದರೆ ಒಂದು ಪ್ರದೇಶವನ್ನು ಸುತ್ತಿ ಬರುವ ದಾರಿ. ಅದೇ ಬಣ್ಣಗಳಲ್ಲಿ ಅಡ್ಡಗೆರೆಗಳ ಕತ್ತರಿ ಕಂಡರೆ ಆ ಕಡೆ ಹೋಗಬಾರದು ಎಂದರ್ಥ. ಚಳಿಗಾಲದಲ್ಲಿ ಕಂಬಗಳ ಮೇಲೆ ಪಾಚಿ ಹತ್ತಿ ಹಳದಿ ಬಣ್ಣ ಅರ್ಧ ಮುಚ್ಚಿರುತ್ತದೆ, ಬೆರಳಿನಿಂದ ಒರೆಸಿ ನೋಡಬೇಕಾಗುತ್ತದೆ. ರಸ್ತೆಯ ಮೇಲೆ ನಡೆಯಬೇಕಾದಾಗ ಎಡಬದಿಯನ್ನೇ ಹಿಡಿಯಿರಿ. ಅಲ್ಲಿ ವಾಹನಗಳು ಬಲಕ್ಕೆ ಚಲಿಸುವುದರಿಂದ ಎದುರಿಗೆ ಬರುವುದು ನಿಮಗೆ ಕಾಣುತ್ತದೆ.

ಹಳೇಬೀಡಿನವ:

ಹೊಳೆದಂಡೆಯವರು ಬೆಸಿಲಿಕಾದ ಒಳಗಿನ ಬೋದಿಗೆಗಳ ಬಗ್ಗೆ ಬರೆದದ್ದನ್ನು ಓದಿ ಒಂದು ಮಾತು ಸೇರಿಸಬೇಕೆನಿಸಿತು. ಒಳಗೆ ಹೋಗುವ ಮುಂಚೆ ಮೊಗಸಾಲೆಯ ದೊಡ್ಡ ಬಾಗಿಲಿನ ಮೇಲಿರುವ ಶಿಲ್ಪವನ್ನು ನಿಧಾನವಾಗಿ ನೋಡಬೇಕು. ನಡುವೆ ಕ್ರಿಸ್ತನಿದ್ದು, ಅವನ ಬೆರಳುಗಳಿಂದ ಹೊರಟ ಕಿರಣಗಳು ಶಿಷ್ಯರ ತಲೆಗಳನ್ನು ಮುಟ್ಟುತ್ತವೆ. ಸುತ್ತಲೂ ಆ ಕಾಲದವರು ಕಲ್ಪಿಸಿಕೊಂಡ ದೂರದೇಶಗಳ ಜನರಿದ್ದಾರೆ: ನಾಯಿಯ ತಲೆಯವರು, ಮೈಯನ್ನೇ ಮುಚ್ಚುವಷ್ಟು ದೊಡ್ಡ ಕಿವಿಯವರು, ಏಣಿ ಹಾಕಿ ಕುದುರೆ ಹತ್ತುವ ಕುಳ್ಳರು. ನಾಯಿತಲೆಯ ಜನ ಭಾರತದಲ್ಲಿದ್ದಾರೆಂದು ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಲೇಖಕ ಕ್ಟೀಸಿಯಸ್ ಬರೆದಿದ್ದ. ಆ ಕಥೆ ಸುಮಾರು ಒಂದೂವರೆ ಸಾವಿರ ವರ್ಷ ಕೈಯಿಂದ ಕೈಗೆ ಸಾಗಿ ಈ ಬೆಟ್ಟದ ಕಲ್ಲಿಗೆ ಬಂದು ಕೂತಿದೆ. ಕಾಳನ್ನು ಬೀಸುಗಲ್ಲಿಗೆ ಸುರಿಯುವ ಒಬ್ಬ ಮತ್ತು ಹಿಟ್ಟನ್ನು ಚೀಲದಲ್ಲಿ ಹಿಡಿಯುವ ಇನ್ನೊಬ್ಬನಿರುವ ಬೋದಿಗೆಯನ್ನೂ ತಪ್ಪಿಸಿಕೊಳ್ಳಬೇಡಿ. 1840ರಲ್ಲಿ ಕಟ್ಟಡ ಬೀಳುವ ಸ್ಥಿತಿಯಲ್ಲಿದ್ದಾಗ ಅದರ ದುರಸ್ತಿಯನ್ನು ವಿಯೋಲೆ ಲ ದ್ಯುಕ್ ಎಂಬ 26 ವರ್ಷದ ವಾಸ್ತುಶಿಲ್ಪಿಗೆ ವಹಿಸಿದರು. ಕೆಲವು ಶಿಲ್ಪಗಳು ಆ ಕಾಲದ ಪ್ರತಿಕೃತಿಗಳು.

ಎರೆಹೊಲ:

ಎಲ್ಲರಿಗೂ ಧನ್ಯವಾದಗಳು. ಜನವರಿಯಲ್ಲಿ ಹೋಗುವ ಯೋಚನೆಯಿದೆ. ಬಂದ ದಾರಿಯಲ್ಲಿಯೇ ಹಿಂದಿರುಗುವ ಬದಲು ಒಂದು ಸುತ್ತು ಹಾಕಿ ಬರಲು ಸಾಧ್ಯವೇ? ನಕ್ಷೆ ಯಾವುದು?

ಲಿಯೋನ್ ಕನ್ನಡಿಗ:

ವೆಝಲೇಯಲ್ಲಿ ರಾತ್ರಿ ತಂಗುವುದಾದರೆ ಬೆಟ್ಟದಿಂದ ಸ್ಯಾಂ ಪೇರ್‌ಗೆ ಇಳಿದು, ಕ್ಯೂರ್ ನದಿಯ ಜೊತೆಯಲ್ಲಿ ಪಿಯೆರ್ ಪೆರ್ತುಯಿ ಹಳ್ಳಿಯವರೆಗೆ ಹೋಗಿ, ಇನ್ನೊಂದು ದಡದಿಂದ ಹಿಂದಿರುಗುವ ಸುತ್ತು ಬಹಳ ಚೆನ್ನಾಗಿದೆ. ಸುಮಾರು 15 ಕಿಲೋಮೀಟರ್. ನಡುವೆ ಉಪ್ಪುನೀರಿನ ಬುಗ್ಗೆಗಳ ಉತ್ಖನನದ ಜಾಗವಿದೆ. ಟೊಳ್ಳು ಮಾಡಿದ ಓಕ್ ಮರದ ಕಾಂಡಗಳನ್ನು ನೆಲಕ್ಕೆ ಇಳಿಸಿ ನಾಲ್ಕು ಸಾವಿರ ವರ್ಷಗಳ ಹಿಂದೆ ಉಪ್ಪುನೀರು ಎತ್ತುತ್ತಿದ್ದ ಬಾವಿಗಳು ಅಲ್ಲಿ ದೊರೆತಿವೆ, ಆದರೆ ಜನವರಿಯಲ್ಲಿ ಒಳಗೆ ಬಿಡುವುದಿಲ್ಲ. ಪಿಯೆರ್ ಪೆರ್ತುಯಿಯಲ್ಲಿ ಹಳೆಯ ಕಲ್ಲಿನ ಸೇತುವೆಯ ಮೇಲೆ ನಿಂತು ತಲೆ ಎತ್ತಿದರೆ ಹೊಸ ಸೇತುವೆ ಬಹಳ ಎತ್ತರದಲ್ಲಿ ಕಾಣುತ್ತದೆ. ಹಳೆಯದರ ಮೇಲೆ ಹಿಮ ಕಟ್ಟಿ ಜಾರುವುದುಂಟು, ನೋಡಿಕೊಂಡು ದಾಟಿ. ಜನವರಿಯಾದ್ದರಿಂದ ವೆಝಲೇಯ ಇಳಿಜಾರಿನ ದ್ರಾಕ್ಷಿ ತೋಟಗಳಲ್ಲಿ ಬಳ್ಳಿ ಸವರುವವರು ಸಿಗಬಹುದು. ದಾರಿ ಕೇಳಲು ಇಡೀ ದಿನದಲ್ಲಿ ಸಿಗುವ ಮನುಷ್ಯರು ಅವರೇ ಆಗಿರಬಹುದು.

ನಕ್ಷೆಗೆ ರಾಷ್ಟ್ರೀಯ ಭೂಪಟ ಸಂಸ್ಥೆಯ 1:25,000 ಅಳತೆಯ ಹಾಳೆಯನ್ನು ತೆಗೆದುಕೊಳ್ಳಿ. ಒಂದು ಸೆಂಟಿಮೀಟರಿಗೆ 250 ಮೀಟರ್. ಸರ್ಕಾರದ ಅಂತರ್ಜಾಲ ತಾಣದಲ್ಲಿ ಅದೇ ನಕ್ಷೆಯನ್ನು ಉಚಿತವಾಗಿ ನೋಡಬಹುದು, ಆದರೂ ಕಾಗದದ ಪ್ರತಿ ಚೀಲದಲ್ಲಿರಲಿ.

ಹೊಳೆದಂಡೆ:

ಒಂದು ಸೇರ್ಪಡೆ. ಸೆರ್ಮಿಝೆಲ್‌ನಲ್ಲಿ ನಿಲ್ಲುವ ರೈಲುಗಳು ದಿನಕ್ಕೆ ಕೆಲವೇ ಇವೆ, ವಾರದ ದಿನಕ್ಕೂ ಭಾನುವಾರಕ್ಕೂ ವೇಳೆ ಬೇರೆ. ವೇಳಾಪಟ್ಟಿಯಲ್ಲಿ ಕೆಲವು ಸೇವೆಗಳ ಮುಂದೆ ಬಸ್ಸಿನ ಗುರುತು ಇದ್ದರೆ ಅದು ಪ್ಲಾಟ್‌ಫಾರಂಗೆ ಬರುವುದಿಲ್ಲ, ನಿಲ್ದಾಣದ ಹೊರಗೆ ರಸ್ತೆಯ ಬದಿಯಲ್ಲಿ ನಿಲ್ಲುತ್ತದೆ. ಹಿಂದಿರುಗುವ ರೈಲನ್ನು ಮೊದಲು ನಿಶ್ಚಯಿಸಿಕೊಂಡು, ಅದಕ್ಕಿಂತ ಒಂದು ಗಂಟೆ ಮುಂಚೆ ನಿಲ್ದಾಣದಲ್ಲಿರುವಂತೆ ಬೆಳಗಿನ ಹೊರಡುವ ಹೊತ್ತನ್ನು ಲೆಕ್ಕ ಹಾಕಿ.